ಮಗುವಿನ ಕ್ಯಾನ್ಸರ್ ಚಿಕಿತ್ಸೆ ಮುಗಿಯುವವರೆಗೆ ಮನೆಯೂ ನಿಲ್ಲಬೇಕು: ಒಂದು ಮನವಿ ಪತ್ರ

ಇವರಿಗೆ,
ಸನ್ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ,
ವಿಧಾನಸೌಧ, ಬೆಂಗಳೂರು.

ವಿಷಯ: ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ಮಕ್ಕಳ ಕುಟುಂಬಗಳಿಗೆ ಚಿಕಿತ್ಸೆಯ ಅವಧಿ ಪೂರ್ತಿ ಆರೈಕೆ ಭತ್ಯೆ, ವಸತಿ, ಪ್ರಯಾಣ ಹಾಗೂ ಶಿಕ್ಷಣದ ನೆರವು ಒದಗಿಸುವ ಕುರಿತು.

ಮಾನ್ಯರೇ,

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ವೆಚ್ಚ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟು, ಗರಿಷ್ಠ 1.5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಹೊಸೂರು ರಸ್ತೆಯ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1973ರಿಂದ ಈ ನಾಡಿನ ಬಡವರ ಕ್ಯಾನ್ಸರ್ ಆಸ್ಪತ್ರೆಯಾಗಿ ನಿಂತಿದೆ. 2025ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೋಥೆರಪಿ ಕೇಂದ್ರಗಳೂ ಆರಂಭವಾಗಿವೆ. ಇಷ್ಟನ್ನೂ ಕೃತಜ್ಞತೆಯಿಂದ ನೆನೆದೇ ಈ ಮನವಿ ಬರೆಯುತ್ತಿದ್ದೇವೆ. ನಮ್ಮ ತಕರಾರು ಕೊಟ್ಟಿದ್ದರ ಬಗ್ಗೆ ಅಲ್ಲ, ಲೆಕ್ಕದ ಬಗ್ಗೆ. ಸರ್ಕಾರ ಆಸ್ಪತ್ರೆಯ ಹಾಸಿಗೆ, ಔಷಧ, ಪರೀಕ್ಷೆ, ಶಸ್ತ್ರಚಿಕಿತ್ಸೆಯನ್ನು ಚಿಕಿತ್ಸೆ ಎಂದು ಎಣಿಸುತ್ತದೆ. ಮಗುವಿನ ಕ್ಯಾನ್ಸರ್‌ನಲ್ಲಾದರೋ ಚಿಕಿತ್ಸೆಯ ಹೆಚ್ಚಿನ ದಿನಗಳು ನಡೆಯುವುದು ಮನೆಯಲ್ಲಿ, ಬಾಡಿಗೆ ಕೋಣೆಯಲ್ಲಿ, ಬಸ್ಸಿನಲ್ಲಿ. ಆ ದಿನಗಳ ಖರ್ಚು ಯಾವ ಪ್ಯಾಕೇಜಿನಲ್ಲೂ ಇಲ್ಲ. ಅದನ್ನು ಚಿಕಿತ್ಸೆಯ ಭಾಗವೆಂದು ಒಪ್ಪಿ ಹಣ ಇಡಬೇಕು ಎಂಬುದೊಂದೇ ನಮ್ಮ ವಾದ. ಉಳಿದ ಬೇಡಿಕೆಗಳೆಲ್ಲ ಅದರಿಂದಲೇ ಹುಟ್ಟಿದವು.

ಮಕ್ಕಳಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ಈ ರಕ್ತದ ಕ್ಯಾನ್ಸರ್ ಎರಡರಿಂದ ಐದು ವರ್ಷದ ಮಕ್ಕಳಲ್ಲಿ ಹೆಚ್ಚು. ಇದರ ಚಿಕಿತ್ಸೆ ಎರಡರಿಂದ ಎರಡೂವರೆ ವರ್ಷ ಹಿಡಿಯುತ್ತದೆ. ಮೊದಲ ಆರರಿಂದ ಎಂಟು ತಿಂಗಳು ತೀವ್ರ ಹಂತ. ಡ್ರಿಪ್, ಬೆನ್ನಿಗೆ ಕೊಡುವ ಇಂಜೆಕ್ಷನ್, ರಕ್ತ ಮತ್ತು ಪ್ಲೇಟ್‌ಲೆಟ್, ನಡುನಡುವೆ ಅಡ್ಮಿಟ್ ಎಂದು ಮಗು ಆಸ್ಪತ್ರೆಗೆ ಅಂಟಿಕೊಂಡೇ ಇರಬೇಕು. ಸ್ಟಿರಾಯ್ಡ್ ಕೊಡುವ ವಾರಗಳಲ್ಲಿ ಮಗುವಿಗೆ ಹೊತ್ತಲ್ಲದ ಹೊತ್ತಿನಲ್ಲಿ ಹಸಿವು, ಸಿಟ್ಟು, ಹಟ. ನಡುರಾತ್ರಿ ಅನ್ನ ಕೇಳಿದ ಮಗುವಿಗೆ ಒಲೆಯೇ ಇಲ್ಲದ ಕೋಣೆಯಲ್ಲಿ ತಾಯಿ ಏನು ಮಾಡಬೇಕು? ಬಿಳಿರಕ್ತಕಣಗಳ ಎಣಿಕೆ, ಅಂದರೆ ಕೌಂಟ್, ಬಿದ್ದಾಗ ಹೋಟೆಲ್ ಊಟ ಕೊಡಬೇಡಿ, ಕುದಿಸಿ ಆರಿಸಿದ ನೀರು, ಆಗಷ್ಟೇ ಮಾಡಿದ ಅಡುಗೆ ಮಾತ್ರ ಕೊಡಿ ಎನ್ನುತ್ತಾರೆ ವೈದ್ಯರು. ಸಲಹೆ ಸರಿಯಾದದ್ದೇ. ಅದನ್ನು ಪಾಲಿಸಲು ಒಂದು ಅಡುಗೆಮನೆ ಬೇಕಷ್ಟೆ. ಆಮೇಲಿನದು ಮೇಂಟೆನೆನ್ಸ್ ಹಂತ, ಎಲ್ಲಕ್ಕಿಂತ ಉದ್ದದ್ದು. ಇಲ್ಲಿ ಡ್ರಿಪ್ ಹೋಗಿ ಮಾತ್ರೆ ಬರುತ್ತದೆ: ದಿನಾ ಮರ್‌ಕ್ಯಾಪ್ಟೋಪ್ಯೂರಿನ್, ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್, ರಕ್ತದ ಕೌಂಟ್ ನೋಡಿ ಕಾಲಕಾಲಕ್ಕೆ ಪ್ರಮಾಣದ ಬದಲಾವಣೆ. ಈ ಮಾತ್ರೆ ಪದೇಪದೇ ತಪ್ಪಿದರೆ ರೋಗ ಮರುಕಳಿಸುವ ಅಪಾಯ ಏರುತ್ತದೆ ಎಂಬುದನ್ನು ಅಧ್ಯಯನಗಳು ತೋರಿಸಿವೆ. ವರ್ಷಕ್ಕೂ ಮೀರಿದ ಈ ಹಂತದಲ್ಲಿ ಮನೆಯೇ ವಾರ್ಡು, ತಾಯಿಯೇ ನರ್ಸು. ಜ್ವರ ನೋಡುವವಳು, ಬಾಯಿಹುಣ್ಣು ತೊಳೆಯುವವಳು, ನುಂಗಲೊಲ್ಲದ ಮಗುವಿಗೆ ಮಾತ್ರೆ ನುಂಗಿಸುವವಳು ಅವಳೇ. ಸಂಬಳವಿಲ್ಲದ ಈ ನೌಕರಿಗೆ ಹಾಜರಾಗಲು ಅವಳು ಇದ್ದ ಕೂಲಿಯನ್ನೂ ಬಿಟ್ಟಿರುತ್ತಾಳೆ.

ಕೂಲಿ ಬಿಟ್ಟವರಿಗೆ ಸದ್ಯದ ಕಾನೂನು ಏನು ಕೊಡುತ್ತದೆ? ಇಎಸ್‌ಐ ವಿಮೆಯಿರುವ ಕಾರ್ಮಿಕನಿಗೇ ಕ್ಯಾನ್ಸರ್ ಬಂದರೆ, ನಿಗದಿತ ಷರತ್ತುಗಳು ಪೂರೈಸಿದ್ದಲ್ಲಿ, ವೇತನದ ಶೇ 80ರಷ್ಟು ಎರಡು ವರ್ಷದವರೆಗೆ ಸಿಗುತ್ತದೆ. ಅವನ ಮಗುವಿಗೆ ಬಂದರೆ ಮಗುವಿಗೆ ಔಷಧ ಸಿಗುತ್ತದೆ, ಮಗುವಿನ ಪಕ್ಕ ಕೂರಲು ಅವನಿಗೆ ಒಂದು ದಿನದ ವೇತನವೂ ಸಿಗುವುದಿಲ್ಲ. ಕೇಂದ್ರ ಸರ್ಕಾರಿ ನೌಕರಿಯ ಮಹಿಳೆಗೆ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆಯಿದೆ. ರಾಜ್ಯ ಸರ್ಕಾರವೂ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ರಜೆ ಕೊಟ್ಟಿತು. ಅಂದರೆ ಮಗುವಿನ ಆರೈಕೆಗೆ ಸಂಬಳ ಸಹಿತ ಬಿಡುವು ಬೇಕೆಂಬ ತತ್ವವನ್ನು ಸರ್ಕಾರ ತನ್ನ ಮನೆಯೊಳಗೆ ಆಗಲೇ ಒಪ್ಪಿದೆ. ಗಾರೆ ಕೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಹತ್ತಿ ಬಿಡಿಸುವವರು, ಆಟೊ ಓಡಿಸುವವರು ಆ ಮನೆಯ ಹೊರಗೆ ಉಳಿದಿದ್ದಾರೆ. ಅವರ ರಜೆ ಎಂದರೆ ಕೈಸಾಲ, ಆಮೇಲೆ ಒಡವೆ, ಆಮೇಲೆ ದನ, ಕೊನೆಗೆ ಹೊಲ. ತಾಯಿ ಬೆಂಗಳೂರಿನಲ್ಲಿ, ತಂದೆ ಊರಿನಲ್ಲಿ ಇಲ್ಲವೇ ಎಲ್ಲೋ ಕೂಲಿಯಲ್ಲಿ, ಉಳಿದ ಮಕ್ಕಳು ಅಜ್ಜಿಯ ಮನೆಯಲ್ಲಿ: ಒಂದೇ ರೇಷನ್ ಕಾರ್ಡಿನ ಮನೆ ಮೂರು ಕಡೆ ಒಲೆ ಹಚ್ಚುತ್ತದೆ.

ಇದನ್ನು ಕರುಣೆಯ ವಿಷಯವೆಂದು ಬದಿಗಿಡುವುದು ಸುಲಭ. ಆದರೆ ಇದು ಚಿಕಿತ್ಸೆಯ ಫಲಿತಾಂಶದ ವಿಷಯ. ಶ್ರೀಮಂತ ದೇಶಗಳಲ್ಲಿ ಕ್ಯಾನ್ಸರ್ ಬಂದ ಮಕ್ಕಳಲ್ಲಿ ಶೇ 80ಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ, ಬಡ ಮತ್ತು ಮಧ್ಯಮ ಆದಾಯದ ಹಲವು ದೇಶಗಳಲ್ಲಿ ಶೇ 30ಕ್ಕಿಂತ ಕಡಿಮೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಅಂತರಕ್ಕೆ ಅದು ಕೊಡುವ ಕಾರಣಗಳ ಸಾಲಿನಲ್ಲಿ ತಡವಾದ ಪತ್ತೆಯ ಜೊತೆಗೆ ಚಿಕಿತ್ಸೆಯನ್ನು ಅರ್ಧಕ್ಕೇ ಬಿಡುವುದೂ ಇದೆ. ಗುಣಪಡಿಸಬಹುದಾದ ಚಿಕಿತ್ಸೆಯನ್ನು ಶುರುವೇ ಮಾಡದಿರುವುದು, ಅಥವಾ ಸತತ ನಾಲ್ಕು ವಾರ ತಪ್ಪಿಸುವುದು: ‘ಬಿಡುವುದು’ ಎಂಬುದಕ್ಕೆ ಮಕ್ಕಳ ಕ್ಯಾನ್ಸರ್ ತಜ್ಞರ ಅಂತರರಾಷ್ಟ್ರೀಯ ಸಂಘಟನೆ ಕೊಟ್ಟ ವ್ಯಾಖ್ಯೆ ಇದು. ಬ್ರೆಜಿಲ್ ದೇಶದ ಬಡ ಈಶಾನ್ಯ ಭಾಗದ ರೆಸಿಫೆ ನಗರದಲ್ಲಿ ಒಂದು ಆಸ್ಪತ್ರೆ ಇದನ್ನು ನೇರವಾಗಿ ಎದುರಿಸಿತು. ಒಳ್ಳೆಯ ಚಿಕಿತ್ಸಾ ಕ್ರಮ, ತರಬೇತಿ ಪಡೆದ ನರ್ಸ್‌ಗಳ ಜೊತೆಗೇ ಕುಟುಂಬಕ್ಕೆ ವಸತಿ, ಪ್ರಯಾಣ, ಊಟ, ಸಮಾಜ ಕಾರ್ಯಕರ್ತರ ನೆರವನ್ನೂ ಜೋಡಿಸಿತು. 2004ರಲ್ಲಿ ಪ್ರಕಟವಾದ ವರದಿಯ ಪ್ರಕಾರ, 1980ರ ದಶಕದಲ್ಲಿ ಶೇ 16ರಷ್ಟಿದ್ದ ಚಿಕಿತ್ಸೆ ಬಿಡುವ ಪ್ರಮಾಣ ಎರಡು ದಶಕಗಳಲ್ಲಿ ಶೇ 1ಕ್ಕಿಂತ ಕೆಳಗಿಳಿಯಿತು. ರೋಗ ಮರುಕಳಿಸದೆ ಉಳಿದ ಲ್ಯುಕೇಮಿಯಾ ಮಕ್ಕಳ ಪ್ರಮಾಣ ಶೇ 32ರಿಂದ 63ಕ್ಕೆ ಏರಿತು. ಈ ಏರಿಕೆಯ ಪೂರ್ತಿ ಶ್ರೇಯ ವಸತಿ, ಊಟಕ್ಕೇ ಸಲ್ಲುತ್ತದೆ ಎಂದು ನಾವು ಹೇಳುವುದಿಲ್ಲ. ಕಿಮೋ ಕ್ರಮವೂ ಸುಧಾರಿಸಿತ್ತು. ಆದರೆ ಬಿಟ್ಟು ಹೋದ ಮಗುವಿಗೆ ಯಾವ ಸುಧಾರಿತ ಕ್ರಮವೂ ದಕ್ಕುವುದಿಲ್ಲವಲ್ಲ. ಅಷ್ಟು ದೂರ ಬೇಡವೆಂದರೆ ಮುಂಬೈ ನೋಡಿ. ಟಾಟಾ ಸ್ಮಾರಕ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ 2009ರ ಸುಮಾರಿಗೆ ಐದರಲ್ಲಿ ಒಂದು ಮಗು ಚಿಕಿತ್ಸೆ ನಿರಾಕರಿಸುತ್ತಿತ್ತು ಅಥವಾ ನಡುವೆ ಬಿಡುತ್ತಿತ್ತು. ಹಣ, ವಸತಿ, ಪೌಷ್ಟಿಕ ಆಹಾರ, ಸಮಾಲೋಚನೆಯನ್ನು ಒಂದೇ ಕಡೆ ಒದಗಿಸಿದ ಮೇಲೆ ಆ ಪ್ರಮಾಣ ಶೇ 5ರ ಆಸುಪಾಸಿಗೆ ಇಳಿದಿದೆ.

ದೂರ ಮತ್ತು ಖರ್ಚು ಎಲ್ಲ ಮಕ್ಕಳ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ. ದೆಹಲಿ ಮತ್ತು ಚೆನ್ನೈನ ದಾಖಲೆಗಳನ್ನು ಪರಿಶೀಲಿಸಿ 2022ರಲ್ಲಿ ‘ಲ್ಯಾನ್ಸೆಟ್ ಆಂಕಾಲಜಿ’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಚಿಕಿತ್ಸೆಗೆ ಆಸ್ಪತ್ರೆ ತಲುಪುವವರಲ್ಲಿ ಗಂಡುಮಕ್ಕಳ ಪಾಲು ಸಮುದಾಯದಲ್ಲಿ ರೋಗ ಇರುವ ಪ್ರಮಾಣಕ್ಕಿಂತ ಹೆಚ್ಚು ಎಂದು ತೋರಿಸಿತು. ಮನೆಯ ಬೊಕ್ಕಸ ಬರಿದಾಗುವಾಗ ಯಾರ ಬಸ್ ಚಾರ್ಜು ಮೊದಲು ಕಡಿತವಾಗುತ್ತದೆ ಎಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು ಮನೆಯಲ್ಲಿ ಉಳಿದ ಒಡಹುಟ್ಟಿದವರು. ಅವರು ಯಾವ ಕಡತದಲ್ಲೂ ಇಲ್ಲ. ಅಕ್ಕ ಶಾಲೆ ಬಿಟ್ಟು ಅಡುಗೆಗೆ ನಿಲ್ಲುತ್ತಾಳೆ, ಹಾಲು ಕುಡಿಯುವ ಕೂಸು ತಾಯಿಯಿಂದ ತಿಂಗಳುಗಟ್ಟಲೆ ದೂರವಾಗುತ್ತದೆ. ಗ್ರಾಮ ಪಂಚಾಯಿತಿಗಳ ಶಿಶುಪಾಲನಾ ಕೇಂದ್ರವಾದ ‘ಕೂಸಿನ ಮನೆ’ಯಲ್ಲಿ ಅಂಥ ಕೂಸಿಗೆ ಆದ್ಯತೆ ಕೊಡಲು ಒಂದು ಸುತ್ತೋಲೆ ಸಾಕು. ಚಿಕಿತ್ಸೆಯಲ್ಲಿರುವ ಮಗುವಿನ ಶಾಲೆಯದೂ ಇದೇ ಕಥೆ. ಸಮಗ್ರ ಶಿಕ್ಷಣದಡಿ ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳಿಸುವ ಗೃಹಾಧಾರಿತ ಶಿಕ್ಷಣದ ವ್ಯವಸ್ಥೆಯಿದೆ. ಅದನ್ನು ಚಿಕಿತ್ಸೆಯಿಂದಾಗಿ ಶಾಲೆ ತಪ್ಪುವ ಈ ಮಕ್ಕಳಿಗೂ ವಿಸ್ತರಿಸಬೇಕು. ಕೂದಲು ಉದುರಿದ ಮಗು ತರಗತಿಗೆ ಮರಳಿದಾಗ ಇದು ಅಂಟುರೋಗವಲ್ಲ ಎಂದು ಶಿಕ್ಷಕರೇ ಉಳಿದ ಪೋಷಕರಿಗೆ ಹೇಳಬೇಕಾಗುತ್ತದೆ. ಅದಕ್ಕೆ ಬೇಕಾದ ತಿಳಿವಳಿಕೆ ಪತ್ರವನ್ನು ಆಸ್ಪತ್ರೆಯೇ ಕೊಡಲಿ.

ಪ್ರಯಾಣದ ಮಾತಿಗೆ ಬಂದರೆ, ಬೀದರ್‌ನಿಂದ ಬೆಂಗಳೂರಿಗೆ ಸುಮಾರು 700 ಕಿಲೋಮೀಟರ್. ರೈಲಿನಲ್ಲಿ ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಮೂರನೇ ದರ್ಜೆ ಎಸಿಯಲ್ಲಿ ಟಿಕೆಟ್ ಪೂರ್ತಿ ಉಚಿತ, ಜೊತೆಗಿರುವವರಿಗೆ ಶೇ 75 ರಿಯಾಯಿತಿ. ಬಸ್ಸಿನಲ್ಲಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ತಾಯಿಗೆ ಟಿಕೆಟ್ ಬೇಡ. ಆದರೆ ಅದು ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಮಾತ್ರ, ಸ್ಲೀಪರ್‌ಗೆ ಇಲ್ಲ. ಬಿಳಿರಕ್ತಕಣ ಕುಸಿದ ಮಗುವನ್ನು ತುಂಬಿ ತುಳುಕುವ ಬಸ್ಸಿನಲ್ಲಿ ರಾತ್ರಿಯಿಡೀ ಮಡಿಲಲ್ಲಿಟ್ಟುಕೊಂಡು ತರುವುದು ಉಚಿತವೇ ಹೌದು, ಕ್ಷೇಮವಲ್ಲ. ಇದಕ್ಕಿಂತ ದೊಡ್ಡ ಅಪಾಯ ಊರಿಗೆ ಮರಳಿದ ಮೇಲೆ ಬರುವ ಜ್ವರ. ಕೌಂಟ್ ಬಿದ್ದ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂತೆಂದರೆ ಅದು ತುರ್ತು ಪರಿಸ್ಥಿತಿ. ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳಕ್ಕೆ ಆ್ಯಂಟಿಬಯಾಟಿಕ್ ಹೋಗಬೇಕು. ಇದು ಬೆಂಗಳೂರಿಗೆ ಬಸ್ ಹಿಡಿಯುವ ಹೊತ್ತಲ್ಲ. ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಯ ವೈದ್ಯರು ಸಾಲಿನಲ್ಲಿ ನಿಲ್ಲಿಸದೆ ಆ ಮೊದಲ ಡೋಸ್ ಕೊಡುವಂತೆ, ಚಿಕಿತ್ಸೆ ನೀಡುವ ಕೇಂದ್ರದ ದೂರವಾಣಿ ಸಂಖ್ಯೆಯಿರುವ ಜ್ವರದ ಕಾರ್ಡೊಂದನ್ನು ಪ್ರತಿ ಮಗುವಿಗೂ ಕೊಡಬೇಕು, ಮತ್ತು ಆ ಕಾರ್ಡಿಗೆ ಸರ್ಕಾರಿ ಆದೇಶದ ಬಲವಿರಬೇಕು. ಮೇಂಟೆನೆನ್ಸ್ ಹಂತದ ರಕ್ತ ಪರೀಕ್ಷೆ, ಮಾತ್ರೆ ವಿತರಣೆಯನ್ನು ಜಿಲ್ಲಾ ಆಸ್ಪತ್ರೆಗಳ ಡೇ ಕೇರ್ ಕೇಂದ್ರಗಳಲ್ಲೇ ಮಾಡಿದರೆ ಅನೇಕ ಪ್ರಯಾಣಗಳೇ ತಪ್ಪುತ್ತವೆ.

ಇದಕ್ಕೆ ಬರಬಹುದಾದ ಆಕ್ಷೇಪಗಳನ್ನು ಬಲ್ಲೆವು. ಅನ್ನಭಾಗ್ಯ, ಗೃಹಲಕ್ಷ್ಮಿ ಇದೆಯಲ್ಲ ಎನ್ನಬಹುದು. ಅವು ಎಲ್ಲ ಸುಸ್ಥಿತಿಯಲ್ಲಿದ್ದಾಗಿನ ಬಡ ಮನೆಗೆ ಕೊಟ್ಟ ಆಸರೆ. ದುಡಿಯುವ ಎರಡು ಕೈ ಒಮ್ಮೆಲೇ ನಿಂತ ಮನೆಯ ಕೊರತೆಯನ್ನು ಅವು ತುಂಬಲಾರವು. ದಾನಿಗಳು, ಸ್ವಯಂಸೇವಾ ಸಂಸ್ಥೆಗಳು ಮಾಡುತ್ತಿದ್ದಾರೆ ಎನ್ನುವುದು ಎರಡನೆಯದು. ಅವರಿಲ್ಲದಿದ್ದರೆ ಎಷ್ಟೋ ಮಕ್ಕಳು ಉಳಿಯುತ್ತಿರಲಿಲ್ಲ, ನಿಜ. ಆದರೆ ದಾನ ಸಿಕ್ಕೀತೋ ಇಲ್ಲವೋ ಎಂಬ ಅನುಮಾನದಲ್ಲಿ ಯಾವ ತಂದೆಯೂ ಎರಡೂವರೆ ವರ್ಷದ ಲೆಕ್ಕ ಹಾಕಲಾರ. ದುರುಪಯೋಗದ ಭಯ ಮೂರನೆಯದು. ಮೂಳೆಮಜ್ಜೆ ಅಥವಾ ಬಯಾಪ್ಸಿ ವರದಿಯಿಲ್ಲದೆ ಕ್ಯಾನ್ಸರ್ ಪ್ಯಾಕೇಜ್ ಮಂಜೂರಾಗುವುದಿಲ್ಲ. ಅದೇ ಕಡತವನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಭತ್ಯೆಗೂ ಬಳಸಿದರೆ ಹೊಸ ಅರ್ಜಿ, ಹೊಸ ಕಚೇರಿ, ಹೊಸ ಮಧ್ಯವರ್ತಿ ಯಾವುದೂ ಬೇಕಿಲ್ಲ. ನಾಲ್ಕನೆಯ ಆಕ್ಷೇಪ ಗಟ್ಟಿಯಾದದ್ದು: ಮೂತ್ರಪಿಂಡ ಕೆಟ್ಟ ಮಗು, ತಲಸ್ಸೇಮಿಯಾ ಇರುವ ಮಗು ಮಾಡಿದ ತಪ್ಪೇನು? ಏನೂ ಇಲ್ಲ, ಅವರಿಗೂ ಕೊಡಬೇಕು. ಕ್ಯಾನ್ಸರಿನಿಂದ ಶುರು ಮಾಡಿ ಎಂದು ಕೇಳಲು ಕಾರಣ, ಇಲ್ಲಿ ಚಿಕಿತ್ಸೆಗೆ ಗೊತ್ತಾದ ಅವಧಿಯಿದೆ, ಸರ್ಕಾರ ಈಗಾಗಲೇ ದೊಡ್ಡ ಮೊತ್ತ ಹಾಕಿದೆ, ನಡುವೆ ಬಿಟ್ಟರೆ ಆ ಮೊತ್ತವೂ ಮಗುವೂ ಎರಡೂ ಕೈತಪ್ಪುತ್ತವೆ. ಒಂದು ಕಡೆ ದಾರಿ ಮೂಡಿದರೆ ಉಳಿದವರು ಅದೇ ದಾರಿಯಲ್ಲಿ ಬರಬಹುದು. ಪೂರ್ವನಿದರ್ಶನವೂ ಇಲ್ಲದಿಲ್ಲ. ಕ್ಷಯರೋಗಿಗೆ 2018ರಿಂದ ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಖಾತೆಗೇ ಹೋಗುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ನೆರೆಯ ಕೇರಳ ‘ಆಶ್ವಾಸಕಿರಣಂ’ ಯೋಜನೆಯಲ್ಲಿ ಹಾಸಿಗೆ ಹಿಡಿದವರ ಪೂರ್ಣಾವಧಿ ಆರೈಕೆದಾರರಿಗೆ ತಿಂಗಳಿಗೆ 600 ರೂಪಾಯಿ ನಿಗದಿ ಮಾಡಿದೆ. ಅದು ಅರೆಹೊಟ್ಟೆಗೂ ಸಾಲದ ಹಣ, ಒಪ್ಪುತ್ತೇವೆ. ಆದರೂ ಆರೈಕೆಯನ್ನು ದುಡಿಮೆಯೆಂದು ಒಂದು ರಾಜ್ಯ ಲೆಕ್ಕಪುಸ್ತಕದಲ್ಲಿ ಬರೆದುಕೊಂಡಿದೆ.

ಆದಕಾರಣ ನಾವು ಕೋರುವುದೇನೆಂದರೆ, 18 ವರ್ಷದೊಳಗಿನ ಮಗುವಿಗೆ ಕ್ಯಾನ್ಸರ್ ದೃಢಪಟ್ಟ ದಿನದಿಂದ ತೀವ್ರ ಹಂತದ ಎಂಟು ತಿಂಗಳು ತಿಂಗಳಿಗೆ 6,000 ರೂಪಾಯಿ, ಮುಂದಿನ 22 ತಿಂಗಳು 3,000 ರೂಪಾಯಿ ಆರೈಕೆ ಭತ್ಯೆಯನ್ನು ತಾಯಿಯ ಅಥವಾ ಆರೈಕೆ ಮಾಡುವವರ ಖಾತೆಗೆ ಜಮಾ ಮಾಡಬೇಕು. ಪೂರ್ತಿ ಅವಧಿಗೆ ಒಂದು ಮಗುವಿಗೆ ಇದು 1.14 ಲಕ್ಷ ರೂಪಾಯಿ, ಒಂದು ವರ್ಷದ ಆಯುಷ್ಮಾನ್ ಮಿತಿಯ ಕಾಲುಭಾಗಕ್ಕಿಂತ ಕಡಿಮೆ. ಸಾವಿರ ಮಕ್ಕಳಿಗೆ ಎರಡೂವರೆ ವರ್ಷದಲ್ಲಿ 11.40 ಕೋಟಿ. ಮಕ್ಕಳ ಕ್ಯಾನ್ಸರ್ ಚಿಕಿತ್ಸೆ ಇರುವ ಪ್ರತಿ ಸರ್ಕಾರಿ ಕೇಂದ್ರದ ಬಳಿ, ಕುಟುಂಬಕ್ಕೊಂದು ಕೋಣೆ ಮತ್ತು ಹಂಚಿಕೊಳ್ಳುವ ಅಡುಗೆಮನೆಯಿರುವ ವಸತಿ ಬೇಕು. ಸೇಂಟ್ ಜೂಡ್ ಇಂಡಿಯಾ ಸಂಸ್ಥೆ 2006ರಿಂದ ಮುಂಬೈಯಲ್ಲಿ ಇದೇ ಮಾದರಿಯನ್ನು ನಡೆಸುತ್ತಿದೆ, ನಕ್ಷೆಯನ್ನು ಹೊಸದಾಗಿ ಹುಡುಕಬೇಕಿಲ್ಲ. ಮಗುವಿಗೂ ಜೊತೆಗಿರುವ ಒಬ್ಬರಿಗೂ ಸಾರಿಗೆ ನಿಗಮಗಳ ಸ್ಲೀಪರ್ ಬಸ್ಸಿನಲ್ಲಿ ಉಚಿತ ಪ್ರಯಾಣ ಬೇಕು. ಇಎಸ್‌ಐನ ವೇತನ ನೆರವನ್ನು ಮಗುವಿನ ಕ್ಯಾನ್ಸರಿಗೂ ವಿಸ್ತರಿಸುವಂತೆ ರಾಜ್ಯ ಸರ್ಕಾರ ಕೇಂದ್ರಕ್ಕೆ ಬರೆಯಬೇಕು. ಜ್ವರದ ಕಾರ್ಡು, ಮನೆಪಾಠ, ಕೂಸಿನ ಮನೆಯ ಆದ್ಯತೆ ಇವಕ್ಕೆ ಹಣವೇ ಹೆಚ್ಚು ಬೇಡ, ಆದೇಶ ಸಾಕು. ಮತ್ತು ಚಿಕಿತ್ಸೆ ಬಿಟ್ಟ ಮಕ್ಕಳ ಸಂಖ್ಯೆಯನ್ನು ಪ್ರತಿ ಕೇಂದ್ರವೂ ವರ್ಷಕ್ಕೊಮ್ಮೆ, ಗಂಡು ಹೆಣ್ಣು ಬೇರೆಬೇರೆಯಾಗಿ, ಜಿಲ್ಲಾವಾರು ಪ್ರಕಟಿಸಬೇಕು. ಈ ಯೋಜನೆ ಫಲ ಕೊಟ್ಟಿತೇ ಇಲ್ಲವೇ ಎಂಬುದನ್ನು ಆ ಅಂಕಿಯಿಂದಲೇ ಅಳೆಯಲಿ. ನಮ್ಮ ಅಭ್ಯಂತರವಿಲ್ಲ.

ಇದರಲ್ಲಿ ಆರೋಗ್ಯ, ವೈದ್ಯಕೀಯ ಶಿಕ್ಷಣ, ಕಾರ್ಮಿಕ, ಶಾಲಾ ಶಿಕ್ಷಣ, ಗ್ರಾಮೀಣಾಭಿವೃದ್ಧಿ, ಸಾರಿಗೆ ಹೀಗೆ ಆರು ಇಲಾಖೆಗಳು ಬರುತ್ತವೆ. ಒಂದೊಂದರ ಬಾಗಿಲಿಗೂ ಬೇರೆಬೇರೆ ಅರ್ಜಿ ಹಿಡಿದು ತಿರುಗುವ ಬಿಡುವು ಈ ಪೋಷಕರಿಗಿಲ್ಲ. ಆದ್ದರಿಂದ ಮುಂದಿನ ಆಯವ್ಯಯದ ಪೂರ್ವಭಾವಿ ಸಭೆಗಳಿಗೆ ಮೊದಲು ಆರೂ ಇಲಾಖೆಗಳ ಕಾರ್ಯದರ್ಶಿಗಳನ್ನೂ ಪೋಷಕರ ಪ್ರತಿನಿಧಿಗಳನ್ನೂ ಒಟ್ಟಿಗೆ ಕೂರಿಸಿ ತಾವು ಒಂದು ಸಭೆ ಕರೆಯಬೇಕೆಂದು ವಿನಂತಿಸುತ್ತೇವೆ. ಸಭೆಯನ್ನು ದಯಮಾಡಿ ಮಧ್ಯಾಹ್ನ ಮೂರರ ನಂತರ ಇಡಿ. ಬೆಳಗಿನ ಹೊತ್ತು ಪೋಷಕರೆಲ್ಲ ರಕ್ತ ಪರೀಕ್ಷೆಯ ಸಾಲಿನಲ್ಲಿರುತ್ತಾರೆ.

ಇಂತಿ ತಮ್ಮ ವಿಶ್ವಾಸಿಗಳು,
ಚಿಕಿತ್ಸೆಯಲ್ಲಿರುವ ಮಕ್ಕಳ ಪೋಷಕರು ಮತ್ತು ಹಿತೈಷಿಗಳ ಪರವಾಗಿ