ರೋಗಿಯ ಮನೆಯಲ್ಲಿ ಸಬ್ರ್ ಯಾರ ಕರ್ತವ್ಯ?

ಅಲ್ಲಾಹನು ಮನುಷ್ಯನನ್ನು ಪರೀಕ್ಷಿಸುವ ಬಗೆಗಳಲ್ಲಿ ರೋಗವೂ ಒಂದು. ಇದನ್ನು ನಾವೆಲ್ಲರೂ ಬಲ್ಲೆವು. ಆದ್ದರಿಂದಲೇ ಮನೆಯೊಂದರಲ್ಲಿ ಯಾರಿಗಾದರೂ ಕ್ಯಾನ್ಸರ್ ಇದೆಯೆಂದು ತಿಳಿದೊಡನೆ ಬಂಧುಗಳು, ನೆರೆಯವರು, ಜಮಾಅತಿನ ಹಿರಿಯರು ಧಾವಿಸಿ ಬರುತ್ತಾರೆ. ಹಾಸಿಗೆಯ ಬಳಿ ಕುಳಿತು ದುಆ ಮಾಡುತ್ತಾರೆ. ಏಳುವಾಗ ರೋಗಿಗೆ ‘ಸಬ್ರ್ ಮಾಡಿ’ ಎನ್ನುತ್ತಾರೆ. ಒಳಗೆ ಗಂಜಿ ಕಾಯಿಸುತ್ತಿರುವ ಸೊಸೆಗೂ ಅದನ್ನೇ ಹೇಳುತ್ತಾರೆ. ಮಾತು ಸತ್ಯವಾದುದೇ. ಆದರೆ ಹೇಳಿದವರು ಹೊರಟುಹೋದ ಬಳಿಕ ರೋಗಿಯ ನೋವು ಇದ್ದಂತೆಯೇ ಇರುತ್ತದೆ. ಸೊಸೆಯ ನಿದ್ದೆಗೆಟ್ಟ ರಾತ್ರಿಗಳೂ ಹಾಗೆಯೇ ಮುಂದುವರಿಯುತ್ತವೆ. ಸಹನೆಯನ್ನು ಉಪದೇಶಿಸಿದ ಮಾತ್ರಕ್ಕೆ ನಮ್ಮ ಹೊಣೆ ಮುಗಿಯಿತೇ?

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಬಡ ಕುಟುಂಬಗಳಿಗೆ ಕ್ಯಾನ್ಸರ್ ಎಂದೊಡನೆ ನೆನಪಾಗುವುದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ. ಸ್ವಾತಂತ್ರ್ಯ ಹೋರಾಟಗಾರರೂ ಕೇಂದ್ರ ಸಚಿವರೂ ಆಗಿದ್ದ ರಫಿ ಅಹ್ಮದ್ ಕಿದ್ವಾಯಿಯವರ ಹೆಸರಿನ ಈ ಸಂಸ್ಥೆ 1973ರಲ್ಲಿ ಸ್ಥಾಪನೆಯಾಯಿತು. ಅಲ್ಲಿ ಚಿಕಿತ್ಸೆ ದೊರೆಯುತ್ತದೆ, ನಿಜ. ಆದರೆ ಕೀಮೋ ಮುಗಿಸಿದ ರೋಗಿ ಮನೆಗೆ ಮರಳುತ್ತಾನೆ. ಬಾಯಿಹುಣ್ಣು, ವಾಂತಿ, ಜ್ವರಗಳನ್ನು ಎದುರಿಸಬೇಕಾದವರು ಮನೆಯವರು. ಇನ್ನು ಗುಣವಾಗದೆಂದು ವೈದ್ಯರು ಹೇಳಿ ಕಳುಹಿಸಿದ ರೋಗಿಯ ಉಳಿದ ದಿನಗಳೆಲ್ಲವೂ ಮನೆಯಲ್ಲೇ ಕಳೆಯುತ್ತವೆ. ಮಗ್ಗ ನಿಂತರೆ ಅಂದಿನ ಕೂಲಿಯೂ ನಿಲ್ಲುವ ನೇಕಾರರ ಮನೆಯಲ್ಲಿ ಗಂಡಸರು ಕೆಲಸಕ್ಕೆ ಹೋಗಲೇಬೇಕು. ಕೊನೆಗೆ ಭಾರವೆಲ್ಲ ಒಬ್ಬ ಹೆಣ್ಣಿನ ಹೆಗಲೇರುತ್ತದೆ.

ಇಯಾದತ್, ಅಂದರೆ ರೋಗಿಯನ್ನು ಸಂದರ್ಶಿಸುವುದರ ಮಹತ್ವವನ್ನು ನಮ್ಮ ಮಿಂಬರ್‌ಗಳಿಂದ ಬಹಳಷ್ಟು ಕೇಳಿದ್ದೇವೆ. ತೀಮಾರ್‌ದಾರಿ, ಅಂದರೆ ಶುಶ್ರೂಷೆಯ ಬಗ್ಗೆ ಕೇಳಿದ್ದು ಕಡಿಮೆ. ಹಿಜರಿ 2ನೇ ವರ್ಷದ ರಮಝಾನಿನಲ್ಲಿ ಪ್ರವಾದಿ(ಸ)ರು ಬದ್ರ್‌ಗೆ ಹೊರಟಾಗ ಅವರ ಪುತ್ರಿ ರುಕಯ್ಯಾ(ರ) ಅಸ್ವಸ್ಥರಾಗಿದ್ದರು. ಪತ್ನಿಯ ಆರೈಕೆಗಾಗಿ ಮದೀನಾದಲ್ಲೇ ಉಳಿಯುವಂತೆ ಉಸ್ಮಾನ್(ರ)ರಿಗೆ ಪ್ರವಾದಿ(ಸ)ರೇ ಆದೇಶಿಸಿದರು. ಅಷ್ಟೇ ಅಲ್ಲ, ಬದ್ರ್‌ನಲ್ಲಿ ಪಾಲ್ಗೊಂಡವರಿಗೆ ಸಲ್ಲುವ ಪ್ರತಿಫಲವೂ ಗನೀಮತಿನ ಪಾಲೂ ಅವರಿಗೆ ಸಲ್ಲುವುದೆಂದು ತಿಳಿಸಿದರು. ಇಸ್ಲಾಮಿನ ಇತಿಹಾಸದಲ್ಲಿ ಬದ್ರ್‌ಗಿಂತ ದೊಡ್ಡ ಗೌರವ ಯಾವುದಿದೆ? ಆ ಗೌರವವು ರೋಗಿಯ ಹಾಸಿಗೆಯ ಬದಿಯಲ್ಲಿ ಕುಳಿತ ಒಬ್ಬ ಗಂಡಸಿಗೆ ದೊರೆಯಿತು ಎಂಬುದನ್ನು ನಮ್ಮ ಯುವಕರು ಮನಗಾಣಬೇಕು.

ಇನ್ನೊಂದು ಮಾತನ್ನು ಸ್ಪಷ್ಟವಾಗಿಯೇ ಹೇಳಬೇಕಾಗಿದೆ. ತಂದೆತಾಯಿಯ ಸೇವೆಯನ್ನು ಶರೀಅತ್ ಹೊರಿಸಿರುವುದು ಮಕ್ಕಳ ಮೇಲೆ. ಸೊಸೆ ಮಾಡುವ ಸೇವೆ ಆಕೆಯ ಔದಾರ್ಯ, ಆಕೆಯ ಪುಣ್ಯ. ತಂದೆಯ ಮೈ ಒರೆಸುವುದು, ಬಟ್ಟೆ ಬದಲಿಸುವುದು, ಮಲಮೂತ್ರ ಶುಚಿಗೊಳಿಸುವುದು ಮಗನ ಕೆಲಸ. ಲಜ್ಜೆಯ ದೃಷ್ಟಿಯಿಂದಲೂ ಅದೇ ಸರಿ. ಮಗ ಔಷಧದ ದುಡ್ಡು ಕೊಟ್ಟು, ಮಿಕ್ಕಿದ್ದನ್ನೆಲ್ಲ ಹೆಂಡತಿಗೆ ಬಿಟ್ಟು, ಜನರೆದುರು ಪಿತೃಸೇವೆಯ ಹೆಸರು ಪಡೆಯುವುದು ನ್ಯಾಯವಲ್ಲ.

ಇನ್ನು ರೋಗಿಯ ನೋವಿನ ವಿಷಯ. ‘ನೋವಾಗುತ್ತಿದೆ’ ಎಂದರೆ ಸಬ್ರ್ ಕೆಡುತ್ತದೆಂದು ಕೆಲವರು ತಿಳಿದಿದ್ದಾರೆ. ಸಹನೆಗೆ ಮಾದರಿಯಾದ ಪ್ರವಾದಿ ಅಯ್ಯೂಬ್(ಅ)ರೇ ತಮ್ಮ ಸಂಕಟವನ್ನು ಅಲ್ಲಾಹನ ಮುಂದೆ ತೋಡಿಕೊಂಡರು. ಪ್ರತಿಯೊಂದು ರೋಗಕ್ಕೂ ಮದ್ದಿದೆ, ಚಿಕಿತ್ಸೆ ಪಡೆಯಿರಿ ಎಂಬುದು ಪ್ರವಾದಿ(ಸ)ರ ಬೋಧನೆಯ ಸಾರ. ನೋವೂ ಚಿಕಿತ್ಸೆ ಬೇಡುವ ಒಂದು ರೋಗವೇ. ಕ್ಯಾನ್ಸರ್ ನೋವಿಗೆ ಹಂತಹಂತವಾಗಿ ಔಷಧ ನೀಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲೇ ಪ್ರಕಟಿಸಿತು. ತೀವ್ರ ನೋವಿಗೆ ಅದು ಸೂಚಿಸುವ ಮುಖ್ಯ ಔಷಧ ಮಾರ್ಫಿನ್.

ಮಾರ್ಫಿನ್ ಎಂದೊಡನೆ ‘ಅದು ಅಫೀಮು, ಹರಾಮ್’ ಎಂದು ಹಿಂಜರಿಯುವ ಕುಟುಂಬಗಳಿವೆ. ಅಮಲಿಗಾಗಿ ಸೇವಿಸಿದರೆ ಅದು ನಿಸ್ಸಂದೇಹವಾಗಿ ನಿಷಿದ್ಧ. ವೈದ್ಯರು ನೋವಿಗಾಗಿ ಅಳತೆಯಲ್ಲಿ ಕೊಟ್ಟಾಗ ವಿಷಯವೇ ಬೇರೆ. ಅನಿವಾರ್ಯತೆಯಲ್ಲಿ ಸಿಲುಕಿದವನಿಗೆ ಪವಿತ್ರ ಕುರ್‌ಆನ್ ರಿಯಾಯಿತಿ ನೀಡಿದೆ. ಫಿಕ್ಹಿನ ವಿದ್ವಾಂಸರು ಅದೇ ಆಧಾರದಲ್ಲಿ ಇಂತಹ ಚಿಕಿತ್ಸೆಯನ್ನು ಸಮ್ಮತಿಸಿದ್ದಾರೆ. 1985ರ ಮಾದಕವಸ್ತು ಕಾಯ್ದೆಯಿಂದಾಗಿ ಈ ಔಷಧ ದೊರೆಯುವುದು ಕಷ್ಟವಾಗಿತ್ತು. ರೋಗಿಗಳ ಹಿತಕ್ಕಾಗಿ 2014ರಲ್ಲಿ ಆ ಕಾಯ್ದೆಯನ್ನು ತಿದ್ದಲಾಯಿತು. ಮಾರ್ಫಿನ್ ಮಾತ್ರೆಯನ್ನು ನೋವು ಕೆರಳುವವರೆಗೆ ಕಾಯದೆ, ವೈದ್ಯರು ಹೇಳಿದ ಸಮಯಕ್ಕೆ, ಸಾಮಾನ್ಯವಾಗಿ 4 ಗಂಟೆಗೊಮ್ಮೆ ಕೊಡಬೇಕು. ಮೊದಲ ಕೆಲವು ದಿನ ಮಂಪರು ಬರಬಹುದು. ಮಲಬದ್ಧತೆಗೆ ಜೊತೆಯಲ್ಲೇ ಔಷಧ ಬೇಕು. ವೈದ್ಯರನ್ನು ಕೇಳದೆ ಹಠಾತ್ತನೆ ನಿಲ್ಲಿಸಬಾರದು. ಮಾತ್ರೆಯನ್ನು ಬಚ್ಚಿಟ್ಟು ಸಬ್ರ್ ಬೋಧಿಸುವುದು ಧರ್ಮನಿಷ್ಠೆಯಲ್ಲ.

ಇಬಾದತ್ತಿನ ವಿಷಯದಲ್ಲೂ ರೋಗಿಯನ್ನು ಕಂಗೆಡಿಸಬಾರದು. ನಿಲ್ಲಲಾಗದವನು ಕುಳಿತು, ಕೂರಲಾಗದವನು ಮಲಗಿ ನಮಾಝ್ ಮಾಡಬಹುದು. ನೀರು ತಗುಲಿದರೆ ಹಾನಿಯೆಂದಾದರೆ ತಯಮ್ಮುಮ್ ಇದೆ. ಹೊಟ್ಟೆಗೆ ಚೀಲ ಅಳವಡಿಸಿದವರು ‘ನಾನು ನಾಪಾಕ್’ ಎಂದು ನಮಾಝನ್ನೇ ಬಿಟ್ಟುಬಿಡುವುದುಂಟು. ಹನಫೀ ಫಿಕ್ಹಿನ ಪ್ರಕಾರ ನಿರಂತರ ಸ್ರಾವವಿರುವವರು ಪ್ರತಿ ನಮಾಝಿನ ವೇಳೆಗೆ ಹೊಸದಾಗಿ ವುಝೂ ಮಾಡಿದರೆ ಸಾಕು. ಈ ಒಂದು ಮಾತನ್ನು ಇಮಾಮರು ಮನೆಗೆ ಹೋಗಿ ತಿಳಿಸಿದರೆ ರೋಗಿಯ ಎದೆಯ ಮೇಲಿನ ದೊಡ್ಡ ಭಾರ ಇಳಿಯುತ್ತದೆ.

ಶುಶ್ರೂಷೆಯ ಹೊಣೆ ಒಂದು ಮನೆಗಷ್ಟೇ ಸೀಮಿತವಾಗಬೇಕಾಗಿಲ್ಲ. ನೆರೆಯ ಕೇರಳದ ಕೋಝಿಕ್ಕೋಡಿನಲ್ಲಿ 1993ರಲ್ಲಿ ವೈದ್ಯರು ನೋವು ಮತ್ತು ಉಪಶಾಮಕ ಆರೈಕೆಯ ಸಂಸ್ಥೆಯೊಂದನ್ನು ಕಟ್ಟಿದರು. ಮುಂದೆ ಮಲಪ್ಪುರಂ ಜಿಲ್ಲೆಯಲ್ಲಿ ಸಾಮಾನ್ಯ ಜನರೇ ತರಬೇತಿ ಪಡೆದು ಊರೂರಲ್ಲಿ ರೋಗಿಗಳ ಮನೆಗೆ ಹೋಗತೊಡಗಿದರು. 2008ರಲ್ಲಿ ಆ ರಾಜ್ಯ ಇದಕ್ಕಾಗಿ ನೀತಿಯನ್ನೇ ರೂಪಿಸಿತು. ನಮ್ಮ ಬೆಂಗಳೂರಿನ ಮಾರತ್ತಹಳ್ಳಿಯ ಬಳಿ ಕರುಣಾಶ್ರಯವು 1999ರಿಂದ, ಗುಣವಾಗದ ಹಂತ ತಲುಪಿದ ಕ್ಯಾನ್ಸರ್ ರೋಗಿಗಳನ್ನು ಜಾತಿ-ಮತ ನೋಡದೆ, ಹಣ ಪಡೆಯದೆ ಆರೈಕೆ ಮಾಡುತ್ತಿದೆ. ಮನೆಯಲ್ಲಿ ನಿಭಾಯಿಸಲಾಗದಾಗ ಅಂತಹ ನೆರವನ್ನು ಪಡೆಯುವುದು ಅವಮಾನವಲ್ಲ.

ನಮ್ಮ ತಾಲೂಕುಗಳ ಜಮಾಅತ್‌ಗಳು ದೊಡ್ಡ ಕಟ್ಟಡವನ್ನೇನೂ ಕಟ್ಟಬೇಕಾಗಿಲ್ಲ. ಹತ್ತು ಯುವಕರು ಸರದಿಯಂತೆ ರಾತ್ರಿ ಕಾವಲಿರಬಹುದು. ಆಸ್ಪತ್ರೆಯ ದಿನ ಒಬ್ಬರು ವಾಹನ ತರಬಹುದು. ನೆರೆಯ ಮಹಿಳೆಯರು ವಾರಕ್ಕೆರಡು ದಿನ ಅಡುಗೆಯ ಹೊಣೆ ಹೊರಬಹುದು. ಬೈತುಲ್ ಮಾಲ್‌ನಿಂದ ಗಾಲಿಕುರ್ಚಿ, ಗಾಳಿಹಾಸಿಗೆಗಳನ್ನು ಕೊಂಡು, ಒಂದು ಮನೆಯ ಅಗತ್ಯ ಮುಗಿದ ಬಳಿಕ ಇನ್ನೊಂದು ಮನೆಗೆ ಕೊಡಬಹುದು. ಏಳಲಾಗದ ರೋಗಿಯನ್ನು ಸುಮಾರು 2 ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕೀಮೋ ಪಡೆದವರ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕ್ಯಾನ್ಸರ್ ಅಂಟುರೋಗವಲ್ಲ, ರೋಗಿಯ ತಟ್ಟೆ-ಲೋಟ ಬೇರೆ ಇಡಬೇಕಾಗಿಲ್ಲ. ಇಷ್ಟನ್ನು ಜುಮಾದ ಬಳಿಕ ಹತ್ತು ನಿಮಿಷದಲ್ಲಿ ಒಬ್ಬ ವೈದ್ಯರಿಂದ ಹೇಳಿಸಬಹುದು.

ರೋಗಿಗೆ ಸಹನೆಯನ್ನು ಕರುಣಿಸುವವನು ಅಲ್ಲಾಹನು. ಆ ಸಹನೆಗೆ ಆಸರೆಯಾಗುವ ಕೈಗಳು ಮಾತ್ರ ನಮ್ಮವಾಗಿರಬೇಕು. ಮುಂದಿನ ಬಾರಿ ಇಯಾದತ್ತಿಗೆ ಹೋದಾಗ ಬೇಗನೆ ಎದ್ದು ಹೊರಡುವ ಮುನ್ನ, ಮನೆಯವರನ್ನು ಬದಿಗೆ ಕರೆದು ಕೇಳೋಣ: ‘ಈ ವಾರ ಯಾವ ರಾತ್ರಿ ನಾವು ಬಂದು ಕೂರಬೇಕು? ನೀವು ಯಾವತ್ತು ನಿದ್ದೆ ಮಾಡುತ್ತೀರಿ?’