ಕಟ್ಟಿದ ನಾಯಿಗೆ ತುಪ್ಪದ ರೊಟ್ಟಿ

ಒಕ್ಕಲುತನದ ಈ ಪುಟದಲ್ಲಿ ನಾವು ಎತ್ತು, ಎಮ್ಮೆ, ಕುರಿಗಳ ಮಾತನ್ನೇ ಹೆಚ್ಚಾಗಿ ಆಡುತ್ತ ಬಂದಿದ್ದೇವೆ. ನಾಯಿಯ ಮಾತು ಬಂದುದು ಕಡಿಮೆ. ಹೊಲ ಕಾಯುವ, ಕುರಿಹಟ್ಟಿ ಕಾಯುವ ನಾಯಿಯೂ ಒಕ್ಕಲಿಗನ ಮನೆಯ ಒಂದು ಆಳೇ ಸರಿ. ಆದರೆ ಎತ್ತಿನ ಮೇವಿಗೆ ಲೆಕ್ಕವಿಡುವ ನಾವು ನಾಯಿಯ ಕೂಳಿಗೆ ಲೆಕ್ಕವಿಡುವುದಿಲ್ಲ. ಉಳಿದರೆ ಹಾಕುತ್ತೇವೆ, ಪ್ರೀತಿ ಉಕ್ಕಿದರೆ ಮತ್ತಷ್ಟು ಹಾಕುತ್ತೇವೆ. ಈ ಸಲ ಅದರ ಬಗ್ಗೆ ಬರೆಯಬೇಕಾಗಿ ಬಂದುದಕ್ಕೆ ಕಾರಣ ನಮ್ಮ ಮನೆಯವರೇ. ಹೊರಗಿನವರನ್ನು ದೂರುವ ಮಾತು ಇದರಲ್ಲಿ ಇಲ್ಲ.

ನಮ್ಮ ಕಾಕಾ ಒಬ್ಬರು ಜತ್ತ ಊರಿನಲ್ಲಿದ್ದಾರೆ. ಮೊದಲು ಸಂಖದ ಕಡೆಗೆ ತೋಟದ ವಸ್ತಿಯಲ್ಲಿದ್ದರು. ಕಾಕು ತೀರಿಕೊಂಡ ಮೇಲೆ, ಪುಣೆಯಲ್ಲಿರುವ ಮಗನ ಒತ್ತಾಯದಿಂದ ಹೊಲವನ್ನು ಪಾಲಿಗೆ ಹಾಕಿ, ದವಾಖಾನೆ ಹತ್ತಿರವಿರಲೆಂದು ಊರಲ್ಲಿ ಮನೆ ಮಾಡಿದರು. ವಸ್ತಿಯಿಂದ ಅವರ ಸಂಗಡ ಬಂದ ಜೀವವೆಂದರೆ ಒಂದೇ, ಮುಧೋಳ ತಳಿಯ ನಾಯಿ ರಾಜಾ. ಅಥಣಿ, ಜಮಖಂಡಿ ದಾಟಿ ಹೋಗಿ, ಅಂಗೈಯಗಲದ ಮರಿಯಾಗಿದ್ದಾಗ ತಂದದ್ದು. ವಸ್ತಿಯಲ್ಲಿದ್ದಾಗ ಅದು ಮೆಕ್ಕೆಜೋಳದ ಹೊಲಕ್ಕೆ ನುಗ್ಗಿದ ಹಂದಿಗಳನ್ನು ಬೆಳಗಿನ ತನಕ ಅಟ್ಟುತ್ತಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಊರಿಗೆ ಬಂದ ಮೇಲೆ ಮೂರು ವರ್ಷಗಳಿಂದ ಅದು ಪಾವಟಿಗೆಯ ಕೆಳಗೆ, ಆರು ಅಡಿ ಸರಪಳಿಯಲ್ಲಿ ಇದೆ.

ಯುಗಾದಿಯಾದ ಮೇಲೆ ಒಂದು ಮಧ್ಯಾಹ್ನ ಕಾಕಾ ಅವರ ಫೋನು ಬಂತು. ಧ್ವನಿ ನಡುಗುತ್ತಿತ್ತು. ನಾಯಿ ನಿಂತಲ್ಲೇ ಕುಸಿದು ಬಿದ್ದಿತ್ತು, ನಾಲಿಗೆ ನೀಲಿಗಟ್ಟಿತ್ತು, ನೀರು ಸುರಿದ ಮೇಲೆ ಎಚ್ಚರವಾಗಿತ್ತು. ನಾವು ಹೋಗುವಷ್ಟರಲ್ಲಿ ದನದ ಡಾಕ್ಟರು ಬಂದು ನೋಡಿ ಹೋಗಿದ್ದರು. ರೋಗವೇನೂ ಕಾಣುವುದಿಲ್ಲ, ಮೈಯಲ್ಲಿ ಬೊಜ್ಜು ಬಹಳ, ಅದರ ಮೇಲೆ ಬಿಸಿಲು ಎಂದು ಹೇಳಿದ್ದರಂತೆ. ಮುಧೋಳ ನಾಯಿಯ ರೂಪ ಬಲ್ಲವರಿಗೆ ಗೊತ್ತು: ಉದ್ದ ಮೂತಿ, ಆಳವಾದ ಎದೆ, ಬೆನ್ನಿಗೆ ಹತ್ತಿದ ಹೊಟ್ಟೆ. ನಮ್ಮ ಎದುರಿಗಿದ್ದದ್ದು ಕಾಳು ತುಂಬಿದ ಚೀಲಕ್ಕೆ ನಾಲ್ಕು ಗೂಟ ಹಚ್ಚಿದಂತಿತ್ತು. ಬಾಲ ಮಾತ್ರ ಹಳೆಯದು. ನಮ್ಮನ್ನು ಕಂಡು ಅಲ್ಲಾಡಿತು.

ತೂಕ ನೋಡಿಯೇ ಬಿಡೋಣವೆಂದು ಸಂಜೆ ಅದನ್ನು ಪರಿಚಯದ ಕಾಳಿನ ವ್ಯಾಪಾರಿಯ ಅಂಗಡಿಗೆ ಕರೆದೊಯ್ದು ಕಾಂಟಾದ ಮೇಲೆ ನಿಲ್ಲಿಸಿದೆವು. 37 ಕಿಲೋ! ಆ ಎತ್ತರದ ಮುಧೋಳ ನಾಯಿ 25, ಹೆಚ್ಚೆಂದರೆ 26 ಕಿಲೋ ಇರತಕ್ಕದ್ದು. ವ್ಯಾಪಾರಿ ನಕ್ಕು, "ಏನ್ರೀ ಕಾಕಾ, ಇದು ನಾಯಿನೋ ಮಾಡಗ್ಯಾಳ ಟಗರೋ?" ಎಂದ. ಮಾಡಗ್ಯಾಳ ಕುರಿ ನಮ್ಮ ತಾಲೂಕಿನ ಹೆಮ್ಮೆ. ಆದರೂ ಆ ಮಾತು ಕಾಕಾ ಅವರಿಗೆ ನೆಟ್ಟಿತು. ಮನೆಗೆ ಬರುವ ತನಕ ನಮ್ಮೊಡನೆ ಒಂದು ಮಾತೂ ಆಡಲಿಲ್ಲ. ಬಂದವರೇ ಅಂಗಿಯ ಕಿಸೆಯಿಂದ ಬಿಸ್ಕತ್ತಿನ ಪುಡಿಕೆ ತೆಗೆದು, ನಮಗೆ ಕಾಣುವಂತೆಯೇ ನಾಲ್ಕು ಬಿಸ್ಕತ್ತು ಅದರ ಮುಂದಿಟ್ಟರು.

ಇದೇ ಕಾಕಾ ಮೂವತ್ತು ವರ್ಷ ಖಿಲಾರಿ ಎತ್ತು ಕಟ್ಟಿದವರು. ಗಳೆ ಹೊಡೆಯುವ ದಿನಗಳಲ್ಲಿ ಎತ್ತಿಗೆ ಹತ್ತಿಕಾಳು, ಹಿಂಡಿ. ಗಳೆ ನಿಂತ ಮೇಲೆ ಕಣಿಕಿ ಮತ್ತು ನೀರು. ಈ ಲೆಕ್ಕ ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಗೂಟಕ್ಕೆ ಕಟ್ಟಿದ ಎತ್ತಿಗೆ ಹಿಂಡಿ ಹಾಕುವವನನ್ನು ಕಂಡರೆ "ಇಂವಗ ರೊಕ್ಕ ಹೆಚ್ಚಾಗಿರಬೇಕು" ಎಂದು ನಗುತ್ತಿದ್ದರು. ಆ ಮಾತನ್ನೇ ನಾವು ಅವರಿಗೆ ನೆನಪಿಸಿದೆವು. "ಎತ್ತು ದುಡಿಯೂ ಪ್ರಾಣಿ, ತಮ್ಮಾ. ಇದು ಮನ್ಯಾಗಿನ ಕೂಸು. ಇದು ಹಸಗೊಂಡ ಕುಂತ್ರ ನನಗ ತುತ್ತು ಇಳಿಯೂದಿಲ್ಲ" ಎಂದರು.

ಈ ಉತ್ತರದ ಹಿಂದೆ ಏನಿದೆಯೆಂಬುದು ನಮಗೆ ಗೊತ್ತಿಲ್ಲದ್ದಲ್ಲ. 1972ರ ಬರದಲ್ಲಿ ಕಾಕಾ ಹನ್ನೆರಡು ವರ್ಷದ ಹುಡುಗ. ಮನೆಯವರೆಲ್ಲ ಖಡಿ ಒಡೆಯುವ ಕೆಲಸಕ್ಕೆ ಹೋಗುತ್ತಿದ್ದರು. ಅಲ್ಲಿ ಕೊಡುತ್ತಿದ್ದ ಸುಕಡಿಯೇ ಮಕ್ಕಳ ಊಟ. ಮನೆಯ ಜೋಡೆತ್ತಿನಲ್ಲಿ ಒಂದನ್ನು ಬಂದ ಬೆಲೆಗೆ ಮಾರಿದರು, ಇನ್ನೊಂದು ಗೂಟದಲ್ಲೇ ಸತ್ತಿತು. ಆ ಎತ್ತಿನ ಪಕ್ಕೆಲುಬುಗಳನ್ನು ಬೆರಳು ಮಡಿಸಿ ಎಣಿಸಿದ್ದನ್ನು ಕಾಕಾ ಇಂದಿಗೂ ಹೇಳುತ್ತಾರೆ. ನಮ್ಮ ಜತ್ತ, ಅಕ್ಕಲಕೋಟೆ ಕಡೆಯಲ್ಲಿ ಅವರ ವಯಸ್ಸಿನವರು ಯಾರೇ ಇರಲಿ, ಎಲುಬು ಕಾಣುವ ಪ್ರಾಣಿ ಅವರ ಕಣ್ಣಿಗೆ ಹಸಿದ ಪ್ರಾಣಿ. ಅದನ್ನು ಹಾಗೆ ಬಿಟ್ಟವನು ಪಾಪಿ. ಇಂಥ ಮನುಷ್ಯನಿಗೆ ನಾಯಿಯ ಕೂಳು ಕಡಿಮೆ ಮಾಡಿರೆಂದು ಹೇಳಲು ನಮ್ಮ ನಾಲಿಗೆಯೂ ತಡವರಿಸಿತು.

ಆದರೂ ಹೇಳಲೇಬೇಕು. ಏಕೆಂದರೆ ಮುಧೋಳ ನಾಯಿಯ ಎಲುಬು ಕಾಣುವುದು ಹಸಿವಿನಿಂದಲ್ಲ. ಅದು ಕಣ್ಣಿನಿಂದ ಬೇಟೆ ಹಿಡಿದು ಓಡಿ ಗೆಲ್ಲುವ ತಳಿ. ಮುಧೋಳ ಸಂಸ್ಥಾನದ ಮಾಲೋಜಿರಾವ ಘೋರ್ಪಡೆಯವರು ಬೇಡರ ಬಳಿಯಲ್ಲಿದ್ದ ಈ ನಾಯಿಗಳನ್ನು ಕಂಡು ಮೆಚ್ಚಿ, ಸಾಕಿ ಬೆಳೆಸಿ, ಐದನೆಯ ಜಾರ್ಜ್ ದೊರೆಗೆ ಕಾಣಿಕೆ ಕೊಟ್ಟದ್ದು ಅದರ ಓಟಕ್ಕಾಗಿ. ಮೈ ತುಂಬಿಕೊಂಡದ್ದಕ್ಕಾಗಿ ಅಲ್ಲ. 2005ರಲ್ಲಿ ಭಾರತದ ಅಂಚೆ ಇಲಾಖೆ ಈ ತಳಿಯ ಚೀಟಿ ಹೊರಡಿಸಿತು. ಆ ಚಿತ್ರವನ್ನು ನೋಡಿದರೂ ಸಾಕು, ನಡು ಎಷ್ಟು ಸಣ್ಣದಿರಬೇಕೆಂದು ತಿಳಿಯುತ್ತದೆ. ಕೊನೆಯ ಎರಡು ಮೂರು ಪಕ್ಕೆಲುಬುಗಳು, ಟೊಂಕದ ಎಲುಬಿನ ತುದಿಗಳು ತುಸು ಕಂಡರೆ ಆ ನಾಯಿ ಸುಖವಾಗಿದೆಯೆಂದೇ ತಿಳಿಯಬೇಕು.

ಬೇರೆ ತಳಿಯವರಿಗೂ ಉಪಯೋಗವಾಗುವ ಒಂದು ಪರೀಕ್ಷೆಯಿದೆ. ನಿಮ್ಮ ಕೈಯನ್ನು ಚಾಚಿ ಹಿಂಗೈಯ ಮೇಲೆ ಬೆರಳಾಡಿಸಿರಿ. ಎಲುಬು ತಗಲುತ್ತದೆ, ಆದರೆ ಚುಚ್ಚುವುದಿಲ್ಲ. ನಾಯಿಯ ಪಕ್ಕೆ ಹಾಗೆ ಹತ್ತಬೇಕು. ಮುಷ್ಟಿ ಕಟ್ಟಿದಾಗ ಗೆಣ್ಣು ಹತ್ತುವಂತೆ ಹತ್ತಿದರೆ ತೀರ ಬಡಕಲು. ಅಂಗೈಯಂತೆ ಮೆತ್ತಗಾದರೆ ಬೊಜ್ಜು. ನಮ್ಮ ರಾಜಾನ ಪಕ್ಕೆಯಲ್ಲಿ ಎಲುಬನ್ನು ಹುಡುಕುವುದಕ್ಕೆ ನಾವು ಬೆರಳು ಒತ್ತಬೇಕಾಯಿತು.

ಅದರ ಊಟದ ಲೆಕ್ಕವನ್ನು ಆ ರಾತ್ರಿ ಕಾಗದದ ಮೇಲೆ ಬರೆದೆವು. ಬೆಳಿಗ್ಗೆ ಚಹದ ಹೊತ್ತಿಗೆ 100 ಗ್ರಾಮಿನ ಒಂದು ಪುಡಿಕೆ ಗ್ಲೂಕೋಸ್ ಬಿಸ್ಕತ್ತು, ಅದರಲ್ಲಿ ಸುಮಾರು 450 ಕ್ಯಾಲರಿ. ಅರ್ಧ ಲೀಟರು ಎಮ್ಮೆಯ ಹಾಲು, ಅದು 500ರ ಹತ್ತಿರ. ಎರಡು ಹೊತ್ತು ಸೇರಿ ತುಪ್ಪ ಸವರಿದ ನಾಲ್ಕು ಜೋಳದ ರೊಟ್ಟಿ, ಏನಿಲ್ಲೆಂದರೂ 750. ಇನ್ನು ಪೇಢೆ. ಕಾಕಾ ಅವರಿಗೆ ಸಕ್ಕರೆ ಬೇನೆ. ಬಂದವರು ತಂದ ಪೇಢೆಯನ್ನು ತಾವು ತಿನ್ನುವಂತಿಲ್ಲ. ತಾವು ತಿನ್ನಬಾರದ್ದನ್ನು ನಾಯಿಗೆ ತಿನಿಸಿ ಅದು ಚಪ್ಪರಿಸುವುದನ್ನು ನೋಡುತ್ತ ಕೂಡುತ್ತಾರೆ. ಎಲ್ಲ ಕೂಡಿಸಿದರೆ ದಿನಕ್ಕೆ 1,800 ದಾಟಿತು. ಓಡಾಟವಿಲ್ಲದ 25 ಕಿಲೋ ನಾಯಿಗೆ ಸಾವಿರ, ಸಾವಿರದ ನೂರು ಸಾಕು. ನಾವು ಹೋದಾಗಲೊಮ್ಮೆ ಹಾಕುವ ತುಣುಕುಗಳನ್ನು ಇದರಲ್ಲಿ ಹಿಡಿದಿಲ್ಲ. ಹೌದು, ನಾವೂ ಹಾಕಿದವರೇ. ಪುಣೆಯ ಮೊಮ್ಮಕ್ಕಳಿಗೆ ಆ ದಪ್ಪ ನಾಯಿಯ ಚಿತ್ರ ಕಳಿಸಿ ಎಲ್ಲರೂ ಸೇರಿ ನಕ್ಕದ್ದೂ ಉಂಟು.

ಇಷ್ಟಕ್ಕೆಲ್ಲ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ, ತಿಂದು ಸುಖವಾಗಿರಲಿ ಬಿಡಿ ಎನ್ನುವವರಿದ್ದಾರೆ. ಸುಖವಾಗಿ ಇರುವುದಿಲ್ಲ ಎಂಬುದೇ ನಮ್ಮ ತಕರಾರು. ಅಮೇರಿಕೆಯಲ್ಲಿ 48 ಲ್ಯಾಬ್ರಡಾರ್ ಮರಿಗಳನ್ನು ಒಂದೇ ಸೂಲಿನ ಜೋಡಿಗಳಾಗಿ ವಿಂಗಡಿಸಿ, ಪ್ರತಿ ಜೋಡಿಯಲ್ಲಿ ಒಂದಕ್ಕೆ ಇನ್ನೊಂದಕ್ಕಿಂತ ಕಾಲು ಭಾಗ ಕಡಿಮೆ ಆಹಾರ ಕೊಟ್ಟು, ಜೀವಮಾನವೆಲ್ಲ ನೋಡಿದರು. 2002ರಲ್ಲಿ ಪ್ರಕಟವಾದ ಫಲ ಹೀಗಿತ್ತು: ಹೆಚ್ಚು ತಿಂದವುಗಳಲ್ಲಿ ಅರ್ಧದಷ್ಟು 11.2 ವರ್ಷದೊಳಗೆ ಸತ್ತವು. ಕಡಿಮೆ ತಿಂದವುಗಳಲ್ಲಿ ಅರ್ಧದಷ್ಟು 13 ವರ್ಷ ದಾಟಿ ಬದುಕಿದವು. ಕಡಿಮೆ ತಿಂದವುಗಳಿಗೆ ಕೀಲುನೋವೂ ತಡವಾಗಿ ಬಂತು. ಒಂಟಿ ಮುದುಕನ ಮನೆಯಲ್ಲಿ ನಾಯಿಯ ಎರಡು ವರ್ಷವೆಂದರೆ ಸಣ್ಣ ಮಾತಲ್ಲ. ಇದನ್ನು ನಾವು ಕಾಕಾ ಅವರಿಗೆ ಹೇಳಿದಾಗಲೇ ಅವರು ಮೊದಲ ಸಲ ಕಾಗದವನ್ನು ಕೈಗೆ ತೆಗೆದುಕೊಂಡು, ಚಾಳೀಸು ಹಾಕಿಕೊಂಡು ಓದಿದ್ದು.

ಓಡಾಟದ ಮಾತಿಗೆ ಬಂದರೆ ಅವರ ತಕರಾರಿನಲ್ಲಿ ಹುರುಳಿತ್ತು. "ಎಲ್ಲಿ ಬಿಡೂದಪಾ? ಬಿಟ್ರ ಕಣ್ಣಿಗೆ ಕಂಡದ್ದರ ಹಿಂದ ಓಡಿ ಹೋಗತೈತಿ. ರೋಡಿನ್ಯಾಗ ಗಾಡಿ, ಓಣ್ಯಾಗ ನಾಯಿ." ನಿಜವೇ. ಮುಧೋಳ ನಾಯಿ ಓಟಕ್ಕೆ ಬಿದ್ದರೆ ಕರೆದರೆ ಕೇಳುವುದಿಲ್ಲ. ಆದುದರಿಂದ ಊರಿನಲ್ಲಿ ಹಗ್ಗ ಬಿಡಕೂಡದು. ಹಗ್ಗ ಹಿಡಿದೇ ಬೆಳಗಿನ ಐದೂವರೆಗೆ, ನೆಲ ಕಾಯುವ ಮೊದಲು, ಮತ್ತೆ ಹೊತ್ತು ಮುಳುಗಿದ ಮೇಲೆ ನಡೆಸಬೇಕು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕಿಯೇ ಅದು ಮೈಯ ಕಾವು ಕಳೆಯಬೇಕು. ಬೊಜ್ಜಿನ ನಾಯಿಗೆ ಅದೂ ಕಷ್ಟ. ನಮ್ಮ ಕಡೆಯ ಬೇಸಿಗೆಯಲ್ಲಿ ಹಗಲು ಹತ್ತರ ಮೇಲೆ ಅಂಥದನ್ನು ಓಡಿಸುವುದೆಂದರೆ ಕೊಲ್ಲುವುದೇ. ಮೊದಲ ವಾರ ಹತ್ತು ನಿಮಿಷ, ಆಮೇಲೆ ಹದಿನೈದು, ಹೀಗೆ ಏರಿಸಬೇಕು. ಬೊಜ್ಜೂ ಒಮ್ಮೆಲೇ ಇಳಿಯತಕ್ಕದ್ದಲ್ಲ. ವಾರಕ್ಕೆ ಮೈತೂಕದಲ್ಲಿ ನೂರಕ್ಕೆ ಒಂದೆರಡು ಪಾಲು ಇಳಿದರೆ ಸಾಕು. ರಾಜಾನ ಲೆಕ್ಕದಲ್ಲಿ ಅದು ಐದಾರು ತಿಂಗಳ ಕೆಲಸ. ಅದಕ್ಕೆ ಮೊದಲು ದನದ ಡಾಕ್ಟರಿಗೆ ತೋರಿಸುವುದು ಒಳ್ಳೆಯದು. ಕೆಲವು ನಾಯಿಗಳಿಗೆ ಥೈರಾಯ್ಡ್ ಗ್ರಂಥಿಯ ದೋಷದಿಂದಲೂ ಮೈ ಬರುತ್ತದೆ.

ಇಲ್ಲಿ ಇನ್ನೊಂದು ಎಚ್ಚರಿಕೆ ಹೇಳಿಬಿಡುತ್ತೇವೆ. ನಮ್ಮ ಭಾಗದಲ್ಲಿ ದ್ರಾಕ್ಷಿ ಒಣಗಿಸುವ ಶೆಡ್ಡುಗಳು ಊರೂರಿಗೆ ಇವೆ. ದ್ರಾಕ್ಷಿಯಾಗಲಿ, ಒಣದ್ರಾಕ್ಷಿಯಾಗಲಿ ನಾಯಿಗೆ ಒಂದು ಕಾಳನ್ನೂ ಹಾಕಬೇಡಿರಿ. ಮೂತ್ರಪಿಂಡ ಕೆಟ್ಟು ಸಾಯುವುದುಂಟು. ಅದರಲ್ಲಿರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು 2021ರಿಂದೀಚೆಗೆ ಪಶುವೈದ್ಯರು ಹೇಳುತ್ತಿದ್ದಾರೆ. ಉಳ್ಳಾಗಡ್ಡಿ, ಚಾಕೊಲೇಟು ಸಹ ಬೇಡ. ಹಬ್ಬದ ಕರಿದ ತಿಂಡಿಗಳಿಂದ ಮೇದೋಜೀರಕ ಗ್ರಂಥಿ ಬಾತು ವಾಂತಿ ಹಿಡಿಯುತ್ತದೆ.

ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಕೇಂದ್ರವಿದೆ. 2016ರಲ್ಲಿ ಈ ತಳಿಯ ಮರಿಗಳು ಮೀರತಿನ ಸೈನ್ಯದ ಕೇಂದ್ರಕ್ಕೆ ತರಬೇತಿಗೆ ಹೋದ ಸುದ್ದಿ ಬಂದಂದಿನಿಂದ ಈ ಮರಿಗಳಿಗೆ ಪೇಟೆಯವರಿಂದಲೂ ಬೇಡಿಕೆ ಹೆಚ್ಚಿತು. ತಳಿ ಉಳಿಯುವುದು ಸಂತೋಷವೇ. ಆದರೆ ಎರಡು ಕೋಣೆಯ ಮನೆಯವರು, ಬೆಳಗಾಗಿ ಕೆಲಸಕ್ಕೆ ಹೋಗಿ ರಾತ್ರಿ ಬರುವವರು ಇದನ್ನು ಕೊಂಡು ಸರಪಳಿಗೆ ಹಾಕಬಾರದೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಓಡಲು ನೆಲವಿಲ್ಲದವರು, ನಡೆಸಲು ಹೊತ್ತಿಲ್ಲದವರು ಬೇರೆ ನಾಯಿ ಸಾಕಲಿ. ಓಣಿಯಲ್ಲೇ ಹುಟ್ಟಿದ ಮರಿಗಳು ಬೇಕಾದಷ್ಟಿವೆ. ಮರಿ ಮಾರುವವರೂ ಹಣ ಎಣಿಸಿಕೊಳ್ಳುವ ಮೊದಲು "ಎಲ್ಲಿ ಓಡಿಸುತ್ತೀರಿ?" ಎಂದು ಒಂದು ಮಾತು ಕೇಳಿದರೆ ಅವರ ಗಂಟೇನೂ ಹೋಗುವುದಿಲ್ಲ.

ಕಾಕಾ ಅವರ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ. ಅವರು ನೆಲವಿದ್ದಾಗ ತಂದವರು. ನೆಲ ಬಿಟ್ಟು ಬರಬೇಕಾದಾಗ ನಾಯಿಯನ್ನು ಬಿಟ್ಟು ಬರಲಾರದೆ ಹೋದವರು. ಪಾಲಿಗೆ ಮಾಡುವವನ ಹತ್ತಿರ ವಸ್ತಿಯಲ್ಲೇ ಬಿಡೋಣವೆಂದು ನಮ್ಮಲ್ಲಿ ಒಬ್ಬರು ಅಂದಾಗ ಅವರು ಊಟದ ತಾಟು ಸರಿಸಿ ಎದ್ದುಹೋದರು. ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಎರಡು ತಿಂಗಳಾದವು. ಹಾಲು ನಿಂತಿದೆ, ತುಪ್ಪ ನಿಂತಿದೆ, ರೊಟ್ಟಿ ಎರಡಕ್ಕೆ ಇಳಿದಿದೆ, ಜೊತೆಗೆ ಬೇಯಿಸಿದ ಒಂದು ತತ್ತಿ. ಬೆಳಿಗ್ಗೆ ಇಬ್ಬರೂ ನಡೆಯಲು ಹೋಗುತ್ತಾರೆ. ಯಾರನ್ನು ಯಾರು ಎಳೆಯುತ್ತಾರೆಂದು ಹೇಳುವುದು ಕಷ್ಟ. ಕಳೆದ ರವಿವಾರ ಅದೇ ಕಾಂಟಾದ ಮೇಲೆ ನಾಯಿ 34 ಕಿಲೋ ತೂಗಿತು. ವ್ಯಾಪಾರಿ ಈ ಸಲ ನಗಲಿಲ್ಲ, "ಇಳದೈತ್ರೀ ಕಾಕಾ" ಎಂದ. ಕಾಕಾ ಅವರ ಕಿಸೆಯಲ್ಲಿ ಬಿಸ್ಕತ್ತಿನ ಪುಡಿಕೆ ಇನ್ನೂ ಇತ್ತು. ನಾವು ನೋಡಿದ್ದನ್ನು ಕಂಡು ತಾವೇ ಹೊರಗೆ ತೆಗೆದು ತೋರಿಸಿದರು. ಎಲ್ಲ ಬಿಸ್ಕತ್ತುಗಳನ್ನೂ ನಡುವೆ ಮುರಿದು ಇಟ್ಟಿದ್ದರು. "ಅರ್ಧ ಅರ್ಧ ಮಾಡೀನಿ. ಅದಕ ತಿಳಿಯೂದಿಲ್ಲ" ಎಂದರು. ರಾಜಾ ಅವರ ಕೈಯಲ್ಲಿದ್ದ ಅರ್ಧವನ್ನು ತಿಂದು, ಪುಡಿಕೆಯ ಕಡೆಗೇ ನೋಡುತ್ತ ನಿಂತಿತ್ತು.