ಸಾಧನಕೇರಿ ಬೀದಿಯಲ್ಲ

ಸಾಧನಕೇರಿ ಎಂಬ ಹೆಸರು ಕೇಳಿದ ದಕ್ಷಿಣದ ಕನ್ನಡಿಗರು ಅದನ್ನು ಧಾರವಾಡದ ಒಂದು ಬೀದಿ ಎಂದುಕೊಂಡರೆ ಆಶ್ಚರ್ಯವಿಲ್ಲ. ಪುಸ್ತಕದ ಕನ್ನಡದಲ್ಲಿ ಕೇರಿ ಎಂದರೆ ಓಣಿ. ಆದರೆ ಈ ಕಡೆಯ ಮಾತಿನಲ್ಲಿ ಮನೆ ಮನಿಯಾಗುತ್ತದೆ, ಕಟ್ಟೆ ಕಟ್ಟಿಯಾಗುತ್ತದೆ, ಕೆರೆ ಕೆರಿಯಾಗುತ್ತದೆ. ಹೆಸರಿನ ಕೊನೆಗೆ ಬಂದಾಗ ಕೇರಿ ಎಂದು ಎಳೆಯುತ್ತದೆ. ಬೇಂದ್ರೆಯವರ ಮನೆಯ ಹತ್ತಿರ ಇರುವುದು ನೀರು. ಕೆಲಗೇರಿಯಲ್ಲಿರುವುದೂ ನೀರೇ. ಹುಬ್ಬಳ್ಳಿಯ ಹೆಗ್ಗೇರಿ ಎಂದರೆ ಹಿರಿದಾದ ಕೆರೆ. ‘ಶುದ್ಧ’ ಕನ್ನಡದ ಕಿವಿಯಿಂದ ಕೇಳಿದರೆ ಮೂರೂ ಬೀದಿಗಳು.

2014ರ ನವೆಂಬರ್ 1ರಂದು ಹುಬ್ಬಳ್ಳಿಯೂ ಸೇರಿ ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರುಗಳು ಬದಲಾದವು. ‘ಹುಬ್ಲಿ’ ಹೋಗಿ ‘ಹುಬ್ಬಳ್ಳಿ’ ಬಂತು. ಸಂತೋಷವೇ. ಆದರೆ ಊರ ಹೆಸರಿಗೆ ಸಿಕ್ಕ ಗೌರವ ಓಣಿಯ ಹೆಸರಿಗೆ ಸಿಗಲಿಲ್ಲ. ದುರ್ಗದ ಬೈಲು ಇಂಗ್ಲಿಷ್ ಅಕ್ಷರಗಳಲ್ಲಿ ಇಂದಿಗೂ ಕೋರ್ಟಿನ ಜಾಮೀನಿನಂತೆ ಕಾಣುತ್ತದೆ. ಜನ ಕಮರಿಪ್ಯಾಟಿ ಎಂದರೆ ಪತ್ರಿಕೆ ಅದನ್ನು ಕಮರಿಪೇಟೆ ಎಂದು ತಿದ್ದಿ ಅಚ್ಚು ಹಾಕುತ್ತದೆ. ಇಂಗ್ಲಿಷಿನವರು ನಮ್ಮ ಹೆಸರು ಕೆಡಿಸಿದರೆ ಅದು ವಸಾಹತುಶಾಹಿ, ನಾವೇ ಕೆಡಿಸಿದರೆ ಅದು ವ್ಯಾಕರಣ!

ಇದು ಬರೀ ಉಚ್ಚಾರದ ಜಗಳವಲ್ಲ. ಮಡ್ಡಿ ಎಂದರೆ ಎತ್ತರದ ಗಟ್ಟಿ ನೆಲ. ಮಾಳಮಡ್ಡಿ ಎಂದು ಕರೆದವರಿಗೆ ಮಣ್ಣಿನ ಗುಣ ಗೊತ್ತಿತ್ತು. ಬೈಲು ಎಂದರೆ ಬಯಲು. ದುರ್ಗದ ಬೈಲಿನಲ್ಲಿ ಸಂಜೆ ನಿಂತು ಮಿರ್ಚಿ ತಿನ್ನುವವರ ಕಾಲಕೆಳಗೆ ಕೋಟೆಯ ನೆನಪಿದೆ. ಕಾಮನಕಟ್ಟಿ ಹೋಳಿಯ ಕಾಮಣ್ಣನನ್ನು ಇಂದಿಗೂ ಹೆಸರಿನಲ್ಲಿ ಕೂರಿಸಿಕೊಂಡಿದೆ. ನೆಲ, ನೀರು, ಹಬ್ಬ ಎಲ್ಲವೂ ಒಂದೊಂದು ಪದದಲ್ಲಿ ಅಡಗಿವೆ. ಇವುಗಳ ಜಾಗದಲ್ಲಿ ಎಲ್ಲಿಗೆ ಬೇಕಾದರೂ ಹೊಂದುವ ಒಂದು ‘ನಗರ’ವನ್ನೋ ‘ಲೇಔಟ್’ಅನ್ನೋ ಕೂರಿಸಿದರೆ ಅದರಿಂದ ತಿಳಿಯುವುದೇನು? ಕೇರಿಯಲ್ಲಿ ಕೆರೆ ಇತ್ತೆಂಬುದು ಮರೆತ ಮೇಲೆ ಅಲ್ಲಿ ಸೈಟು ಮಾಡುವುದು ಸುಲಭ. ಮಳೆಗಾಲದಲ್ಲಿ ಮನೆಯೊಳಗೆ ನೀರು ನುಗ್ಗಿದಾಗ ಮಾತ್ರ ಹಳೆಯ ಹೆಸರು ನೆನಪಾಗುತ್ತದೆ.

ಹಾಗೆಂದು ಹಳೆಯದೆಲ್ಲ ಪವಿತ್ರ ಎಂದು ನಾನು ಹೇಳುತ್ತಿಲ್ಲ. ಜಾತಿಯ ಹೆಸರು ಅಂಟಿಸಿಕೊಂಡು ತಲೆಮಾರುಗಳ ಕಾಲ ಅವಮಾನ ಉಂಡ ಓಣಿಗಳಿವೆ. ಅಲ್ಲಿನ ಜನ ಆ ಹೆಸರನ್ನು ಕಿತ್ತೆಸೆದು ಅಂಬೇಡ್ಕರ್ ಹೆಸರನ್ನು ಇಟ್ಟುಕೊಂಡರೆ ಅದು ಅಳಿಸುವಿಕೆಯಲ್ಲ, ಬಿಡುಗಡೆ. ‘ಪರಂಪರೆ ಹಾಳಾಯಿತು’ ಎಂದು ಅಲ್ಲಿಗೆ ಹೋಗಿ ಗೋಳಾಡುವ ಹಕ್ಕು ಹೊರಗಿನ ನಮಗಿಲ್ಲ. ಪ್ರಶ್ನೆ ಹಳತು ಹೊಸತಿನದಲ್ಲ. ಹೆಸರಿಡುವವರು ಯಾರು ಎಂಬುದು. ಓಣಿಯವರೇ ಬದಲಾಯಿಸಿದರೆ ಅದು ಅವರ ಹಕ್ಕು. ಓಣಿಯವರನ್ನು ಕೇಳದೆ ಬೋರ್ಡು ಬರೆಸಿದರೆ ಅದು ದರ್ಪ.

ಈ ದರ್ಪದಲ್ಲಿ ವಿಶ್ವವಿದ್ಯಾಲಯಗಳ ಪಾಲೂ ಇದೆ. ಸ್ಥಳನಾಮ ಎಂದರೆ ಶಾಸನದಲ್ಲಿ ಸಿಕ್ಕ ಊರ ಹೆಸರು ಎಂಬ ಗುಂಗಿನಿಂದ ನಮ್ಮಂಥ ಸಂಶೋಧಕರು ಇನ್ನೂ ಹೊರಬಂದಿಲ್ಲ. ಸಾವಿರ ವರ್ಷದ ಕಲ್ಲಿಗೆ ಅಡಿಟಿಪ್ಪಣಿ ಬರೆಯುತ್ತೇವೆ. ಎಂಬತ್ತು ದಾಟಿದ ಅಜ್ಜಿಯ ಬಾಯಲ್ಲಿರುವ ಬಾವಿ, ಅಗಸಿ, ಕಟ್ಟಿಗಳ ಹೆಸರನ್ನು ಬರೆದುಕೊಳ್ಳುವುದಿಲ್ಲ. ಕಲ್ಲು ಕಾಯುತ್ತದೆ, ಅಜ್ಜಿ ಕಾಯುವುದಿಲ್ಲ.

2021ರಲ್ಲಿ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯಲ್ಲಿ 82 ವಾರ್ಡುಗಳಿದ್ದವು. ವಾರ್ಡಿಗೊಂದು ದಪ್ಪ ನೋಟ್‌ಬುಕ್ ಸಾಕು. ಅಲ್ಲಿನ ಹಿರಿಯರನ್ನು ಕೂರಿಸಿ, ಅವರು ಹೇಳಿದ ಹೆಸರನ್ನು ಅವರು ಹೇಳಿದ ಹಾಗೆಯೇ ಬರೆಯಲಿ. ಪ್ಯಾಟಿಯನ್ನು ಪೇಟೆ ಮಾಡುವುದು ಬೇಡ. ಹೊಸ ಬೋರ್ಡು ಹಾಕುವ ಮೊದಲು ಆ ನೋಟ್‌ಬುಕ್ ತೆರೆಯಲಿ. ಇದಕ್ಕೆ ಕೋಟಿಗಳ ಯೋಜನೆ ಬೇಕಿಲ್ಲ. ಓಣಿಯ ಜನ ಆಡುವುದೂ ಕನ್ನಡವೇ ಎಂದು ಒಪ್ಪಿಕೊಳ್ಳುವಷ್ಟು ವಿನಯ ಬೇಕು.